ಬ್ರೂಕ್ಲಿನ್‌ನ ಸೆಲ್ಲರ್: ನಲವತ್ತೊಂದು ವರ್ಷದ ಹಟ

ವರ್ಷಕ್ಕೆ ನೂರು ಜನ. 1946ರಿಂದ ಹತ್ತೊಂಬತ್ತು ವರ್ಷ ಕಾಲ, ಅಮೆರಿಕದಲ್ಲಿ ಹೋಗಿ ನೆಲೆಸಲು ಇಡೀ ಭಾರತಕ್ಕೆ ಗೊತ್ತುಮಾಡಿದ್ದ ಪಾಲು ಇಷ್ಟೇ. ನಮ್ಮ ಎರಡು ಕೆಂಪು ಬಸ್ಸುಗಳಲ್ಲಿ ಕೂರಿಸಬಹುದಾದಷ್ಟು ಮಂದಿ. ಅದೇ ಹೊತ್ತಿನಲ್ಲಿ ಬ್ರಿಟನ್ನಿನ ಪಾಲು 65 ಸಾವಿರಕ್ಕೂ ಹೆಚ್ಚಿತ್ತು. ಅಷ್ಟು ಜನ ಹೊರಡುವವರೇ ಇಲ್ಲದೆ ಅದರಲ್ಲಿ ಬಹುಭಾಗ ಬಳಕೆಯಾಗದೆ ಉಳಿಯುತ್ತಿತ್ತು. ಬ್ರಿಟನ್ ಬಿಟ್ಟದ್ದನ್ನು ಭಾರತಕ್ಕೆ ಕೊಡಲು ಕಾನೂನು ಒಪ್ಪುತ್ತಿರಲಿಲ್ಲ.

ಇವತ್ತು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಯಾವ ಬಡಾವಣೆಯಲ್ಲಾದರೂ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆ ಸಿಗುತ್ತದೆ. ಆ ನೂರರ ಪಾಲನ್ನು ದೊರಕಿಸಿಕೊಟ್ಟ ಕಾಯ್ದೆಗೂ, ಹತ್ತೊಂಬತ್ತು ವರ್ಷದ ನಂತರ ನೂರರ ಲೆಕ್ಕವನ್ನೇ ತೊಡೆದುಹಾಕಿದ ಕಾಯ್ದೆಗೂ ಒಬ್ಬರದೇ ಹೆಸರು ಅಂಟಿಕೊಂಡಿದೆ. ಅವರು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಇಮ್ಯಾನ್ಯುಯೆಲ್ ಸೆಲ್ಲರ್. ಲಕ್ಷಾಂತರ ಭಾರತೀಯ ಕುಟುಂಬಗಳ ದಾರಿಯನ್ನೇ ಬದಲಿಸಿದ ಈ ಹೆಸರನ್ನು ಆ ಕುಟುಂಬಗಳಲ್ಲಿ ಕೇಳಿದವರು ತೀರ ಕಡಿಮೆ.

ಸೆಲ್ಲರ್ ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದು 1923ರ ಮಾರ್ಚ್ 4ರಿಂದ 1973ರ ಜನವರಿ 3ರವರೆಗೆ. ಐವತ್ತು ವರ್ಷ ತುಂಬಲು ಎರಡೇ ತಿಂಗಳು ಬಾಕಿಯಿತ್ತು. ಆ ಸಭೆಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ. ನಮ್ಮ ಲೋಕಸಭೆಯವರ ಹಾಗೆ ಐದು ವರ್ಷ ನಿಶ್ಚಿಂತೆಯಿಂದ ಇರುವಂತಿಲ್ಲ. 1922ರಿಂದ 1970ರವರೆಗೆ ಒಂದನ್ನೂ ಕಳೆದುಕೊಳ್ಳದೆ ಇಪ್ಪತ್ತೈದು ಸಲ ಅವರು ಗೆದ್ದರು. ಹಾರ್ಡಿಂಗ್‌ರಿಂದ ನಿಕ್ಸನ್‌ವರೆಗೆ ಒಂಬತ್ತು ಅಧ್ಯಕ್ಷರು ಬಂದುಹೋದರು. ಇಷ್ಟು ಕಾಲ ಕೂತವರು ಅಮೆರಿಕದ ಸಂಸತ್ತಿನಲ್ಲಿ ಇನ್ನೂ ಕೆಲವರಿದ್ದಾರೆ. ಮಿಶಿಗನ್‌ನ ಜಾನ್ ಡಿಂಗೆಲ್ ಐವತ್ತೊಂಬತ್ತು ವರ್ಷ ದಾಟಿಸಿದರು. ಆದರೆ ಮೊದಲ ಅವಧಿಯಲ್ಲಿ ಸೋತ ವಾದವನ್ನು ಎದೆಯಲ್ಲಿಟ್ಟುಕೊಂಡು, ನಾಲ್ಕು ದಶಕ ಕಳೆದ ಮೇಲೆ ಅದೇ ಸಭೆಯಲ್ಲಿ ಅದನ್ನು ಗೆಲ್ಲಿಸಿದ ಇನ್ನೊಬ್ಬ ಶಾಸಕರನ್ನು ಹುಡುಕುವುದು ಕಷ್ಟ.

ಅವರು ಹುಟ್ಟಿದ್ದು 1888ರ ಮೇ 6ರಂದು, ಬ್ರೂಕ್ಲಿನ್‌ನಲ್ಲೇ. ಅಜ್ಜ ಅಜ್ಜಿಯರು ಜರ್ಮನಿಯಿಂದ ಬಂದವರು. ತಾಯಿಯ ತಂದೆ ಕ್ಯಾಥೊಲಿಕ್, ಉಳಿದವರು ಯಹೂದಿಗಳು. ಮನೆಯಲ್ಲಿ ಹೇಳಿಕೊಂಡು ಬಂದ ಕಥೆಯೊಂದಿತ್ತು: 1848ರ ಕ್ರಾಂತಿ ಸೋತ ಮೇಲೆ ದೇಶ ಬಿಟ್ಟು ಬರುತ್ತಿದ್ದವರ ಹಡಗು ನ್ಯೂಯಾರ್ಕ್ ಬಂದರು ಕಣ್ಣಿಗೆ ಬೀಳುವ ಹೊತ್ತಿಗೆ ಮುಳುಗಿತು, ಆ ಕ್ಯಾಥೊಲಿಕ್ ಯುವಕ ನೀರಿಗೆ ಹಾರಿ ಒಬ್ಬ ಯಹೂದಿ ಹುಡುಗಿಯನ್ನು ಉಳಿಸಿದ, ಆಮೇಲೆ ಅವಳನ್ನೇ ಮದುವೆಯಾದ. ಕಥೆಗೆ ಎಷ್ಟು ಬಣ್ಣ ಸೇರಿತ್ತೋ, ಅದನ್ನು ಕೇಳುತ್ತ ಬೆಳೆದ ಹುಡುಗನಿಗೆ ವಲಸಿಗ ಎಂದರೆ ಕಡತದೊಳಗಿನ ಅಂಕಿಯಾಗಿ ಎಂದೂ ಕಾಣಲಿಲ್ಲ.

ತಂದೆಗೆ ವಿಸ್ಕಿಯ ವ್ಯಾಪಾರವಿತ್ತು. ಅದು ಮುಳುಗಿದ ಮೇಲೆ ಮನೆಮನೆಗೆ ವೈನ್ ಮಾರುವ ಕೆಲಸ ಹಿಡಿದರು. ಮಗ ಕೊಲಂಬಿಯಾದಲ್ಲಿ ಓದುತ್ತಿದ್ದಾಗ ತಂದೆ ತೀರಿಕೊಂಡರು, ಕೆಲವೇ ತಿಂಗಳಲ್ಲಿ ತಾಯಿಯೂ ಹೋದರು. ಸಂಸಾರದ ನೊಗ ಹುಡುಗನ ಹೆಗಲಿಗೆ ಬಿತ್ತು. ಬೆಳಿಗ್ಗೆ ತರಗತಿ, ಮಧ್ಯಾಹ್ನದ ಮೇಲೆ ತಂದೆಯ ಹಳೆಯ ಗಿರಾಕಿಗಳ ಮನೆಗಳಿಗೆ ವೈನ್. ಹೀಗೇ 1910ರಲ್ಲಿ ಪದವಿ, 1912ರಲ್ಲಿ ಕಾನೂನು ಪದವಿ ಮುಗಿಸಿದರು. ಎರಡು ವರ್ಷ ಬಿಟ್ಟು ಸ್ಟೆಲ್ಲಾ ಬಾರ್ ಅವರನ್ನು ಮದುವೆಯಾದರು. 1922ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಸ್ಪರ್ಧಿಸಿ ಗೆದ್ದಾಗ ವಯಸ್ಸು ಮೂವತ್ತನಾಲ್ಕು. ಬ್ರೂಕ್ಲಿನ್ ಆಗ ಇಟಲಿ, ರಷ್ಯಾ, ಪೋಲೆಂಡ್, ಐರ್ಲೆಂಡ್‌ಗಳಿಂದ ಬಂದವರು ಕಿಕ್ಕಿರಿದಿದ್ದ ಊರು. ಅವರ ಮತದಾರರೆಂದರೆ ಇವರೇ.

ಅವರು ಸಭೆಗೆ ಕಾಲಿಟ್ಟ ಕಾಲ ವಲಸಿಗರಿಗೆ ಒಳ್ಳೆಯದಾಗಿರಲಿಲ್ಲ. 1917ರ ಕಾಯ್ದೆ ಏಷ್ಯಾದ ಬಹುಭಾಗಕ್ಕೆ ನಿಷೇಧದ ಗೆರೆ ಎಳೆದಿತ್ತು, ಭಾರತ ಆ ಗೆರೆಯೊಳಗೆ ಬಿದ್ದಿತ್ತು. ಸೆಲ್ಲರ್ ಅವಧಿ ಶುರುವಾಗಲು ಎರಡು ವಾರವಷ್ಟೇ ಇರುವಾಗ, 1923ರ ಫೆಬ್ರುವರಿ 19ರಂದು, ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಥಿಂಡ್ ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದವರು. ಪಂಡಿತರು ಏನೇ ಹೇಳಲಿ, ಸಾಮಾನ್ಯ ಮನುಷ್ಯ ಬಿಳಿಯ ಎಂದು ಕರೆಯುವವರ ಪೈಕಿ ಹಿಂದೂಸ್ಥಾನದವರು ಸೇರುವುದಿಲ್ಲ, ಹಾಗಾಗಿ ಅವರು ಪೌರರಾಗುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಅವರಲ್ಲೊಬ್ಬರು. ಪೌರತ್ವವನ್ನೂ ಆಸ್ತಿಯನ್ನೂ ಕಳೆದುಕೊಂಡು, ಹೊರದೇಶಕ್ಕೆ ಹೋಗಿಬರಲು ಪಾಸ್‌ಪೋರ್ಟೂ ಇಲ್ಲದಾಗಿ, 1928ರಲ್ಲಿ ಅವರು ಪ್ರಾಣ ತೆಗೆದುಕೊಂಡರು. ತಮಗಾದ ಅನ್ಯಾಯವನ್ನು ಪತ್ರ ಬರೆದು ಪತ್ರಿಕೆಗೆ ತಿಳಿಸಿ ಹೋದರು.

1924ರಲ್ಲಿ ಜಾನ್ಸನ್–ರೀಡ್ ಮಸೂದೆ ಸಭೆಯ ಮುಂದೆ ಬಂತು. ಅದರ ಲೆಕ್ಕ ಸ್ವಲ್ಪ ಬಿಡಿಸಿ ನೋಡುವಂಥದ್ದು. 1890ರ ಜನಗಣತಿಯಲ್ಲಿ ಅಮೆರಿಕದಲ್ಲಿದ್ದ, ಒಂದೊಂದು ಹೊರದೇಶದಲ್ಲಿ ಹುಟ್ಟಿದವರನ್ನು ಎಣಿಸಿ, ಅದರ ನೂರಕ್ಕೆ ಎರಡರಷ್ಟು ಹೊಸಬರಿಗೆ ಆ ದೇಶದಿಂದ ವರ್ಷಕ್ಕೆ ಪ್ರವೇಶ. 1920ರ ಗಣತಿ ಕೈಯಲ್ಲಿರುವಾಗ ಮೂವತ್ತು ವರ್ಷ ಹಳೆಯ ಪುಸ್ತಕವನ್ನು ತೆಗೆದದ್ದು ಯಾಕೆ? ಇಟಲಿಯವರು, ಪೂರ್ವ ಯೂರೋಪಿನ ಯಹೂದಿಗಳು, ಪೋಲರು, ಗ್ರೀಕರು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದು 1890ರ ನಂತರ. ಹಳೆಯ ಗಣತಿ ಹಿಡಿದರೆ ಅವರ ಪಾಲು ತಾನಾಗಿಯೇ ಕರಗುತ್ತದೆ. ಇದರ ಬೆನ್ನಿಗೆ ತಳಿಶುದ್ಧಿಯ ಸಿದ್ಧಾಂತವೂ ನಿಂತಿತ್ತು. ಹ್ಯಾರಿ ಲಾಫ್ಲಿನ್ ಎಂಬುವರನ್ನು ವಲಸೆ ಸಮಿತಿ ತನ್ನ ತಳಿಶಾಸ್ತ್ರ ತಜ್ಞರೆಂದೇ ನೇಮಿಸಿಕೊಂಡಿತ್ತು. ಏಷ್ಯಾದವರಿಗಂತೂ ಪೌರರಾಗಲು ಅರ್ಹತೆಯಿಲ್ಲದವರು ಬರುವಂತೆಯೇ ಇಲ್ಲ ಎಂಬ ಒಂದೇ ಸಾಲು ಸಾಕಾಯಿತು.

ಹೊಸ ಸದಸ್ಯ ಸೆಲ್ಲರ್ ಸಭೆಯಲ್ಲಿ ಮಾಡಿದ ಮೊದಲ ಮುಖ್ಯ ಭಾಷಣ ಈ ಮಸೂದೆಯ ವಿರುದ್ಧ. ಶಿಕಾಗೊದ ಹಿರಿಯ ಸದಸ್ಯ ಅಡಾಲ್ಫ್ ಸಬಾತ್, ನ್ಯೂಯಾರ್ಕಿನ ಫಿಯೊರೆಲ್ಲೊ ಲಾ ಗಾರ್ಡಿಯಾ ಮುಂತಾದ ಕೆಲವರು ಅದೇ ಪಾಳಯದಲ್ಲಿದ್ದರು. ಮತಕ್ಕೆ ಬಂದಾಗ ಅವರು ಕೊಚ್ಚಿಹೋದರು. ಮೇ ತಿಂಗಳಲ್ಲಿ ಅಧ್ಯಕ್ಷ ಕೂಲಿಜ್ ಸಹಿ ಹಾಕಿದರು. ಐದು ವರ್ಷದ ನಂತರ ಲೆಕ್ಕದ ವಿಧಾನ ಕೊಂಚ ಬದಲಾಯಿತು, ಸಾರ ಬದಲಾಗಲಿಲ್ಲ: ಬ್ರಿಟನ್ನಿಗೆ 65,721, ಇಟಲಿಗೆ 5,802.

ಈ ಅಂಕಿಗಳಿಗೆ ಜನ ಪ್ರಾಣದಿಂದ ಬೆಲೆ ತೆತ್ತರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯಿಂದ ಹೊರಬೀಳಲು ಹಾತೊರೆಯುತ್ತಿದ್ದ ಯಹೂದಿಗಳಿಗೆ ಈ ಕಾಯ್ದೆಯೇ ಗೋಡೆಯಾಯಿತು. 1939ರಲ್ಲಿ ಸೇಂಟ್ ಲೂಯಿಸ್ ಎಂಬ ಹಡಗು ಒಂಬೈನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತು ಬಂತು. ಹವಾನಾದಲ್ಲಿ ಬಹುತೇಕರಿಗೆ ಇಳಿಯಲು ಬಿಡಲಿಲ್ಲ. ಫ್ಲೋರಿಡಾದ ದೀಪಗಳು ಕಾಣುವಷ್ಟು ಹತ್ತಿರ ಸುಳಿದಾಡಿ ಹಡಗು ಯೂರೋಪಿಗೆ ಮರಳಿತು. ಅದರಲ್ಲಿದ್ದ 254 ಮಂದಿ ಮುಂದೆ ನಾಜಿಗಳ ನರಮೇಧದಲ್ಲಿ ಸತ್ತರು. ವೀಸಾಗಳನ್ನು ತಡೆಹಿಡಿಯುತ್ತಿದ್ದ ವಿದೇಶಾಂಗ ಇಲಾಖೆಯ ಅಧಿಕಾರಿ ಬ್ರೆಕಿನ್‌ರಿಜ್ ಲಾಂಗ್ ಅವರನ್ನು ಸೆಲ್ಲರ್ ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ತಮ್ಮದೇ ಪಕ್ಷದ ರೂಸ್‌ವೆಲ್ಟ್ ಸರ್ಕಾರ ಅದು ಎಂಬುದು ಅವರ ಬಾಯಿ ಕಟ್ಟಲಿಲ್ಲ. ಬ್ರೂಕ್ಲಿನ್‌ನ ಅವರ ಮತದಾರರಲ್ಲಿ ಎಷ್ಟೋ ಮಂದಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು ಆ ಗೋಡೆಯ ಆಚೆ ಉಳಿದವರು.

ಯುದ್ಧ ಏಷ್ಯಾದ ವಿಷಯದಲ್ಲಿ ಒಂದು ಬಿರುಕು ತೆರೆಯಿತು. ಜಪಾನಿನ ವಿರುದ್ಧ ಚೀನಾ ಅಮೆರಿಕದ ಜೊತೆ ನಿಂತಿತ್ತು. 1943ರಲ್ಲಿ ಚೀನೀಯರ ಮೇಲಿನ ನಿಷೇಧ ತೆಗೆದು ವರ್ಷಕ್ಕೆ 105 ಜನರ ಪಾಲು ಕೊಟ್ಟರು. ಬ್ರಿಟಿಷ್ ಧ್ವಜದಡಿ ಲಕ್ಷಗಟ್ಟಲೆ ಭಾರತೀಯ ಸೈನಿಕರು ಹೋರಾಡುತ್ತಿರುವಾಗ ಭಾರತದ ಮೇಲಿನ ನಿಷೇಧ ಯಾಕೆ ಉಳಿಯಬೇಕು? ನ್ಯೂಯಾರ್ಕಿನಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಜೆ. ಜೆ. ಸಿಂಗ್ ಈ ಪ್ರಶ್ನೆ ಹಿಡಿದು ವಾಷಿಂಗ್ಟನ್ನಿನ ಕಚೇರಿ ಕಚೇರಿ ಸುತ್ತಿದರು. ಅವರು ಇಂಡಿಯಾ ಲೀಗ್ ಆಫ್ ಅಮೆರಿಕ ಸಂಸ್ಥೆಯ ಅಧ್ಯಕ್ಷರು. ಅವರ ಮಾತಿಗೆ ಓಗೊಟ್ಟವರು ಇಬ್ಬರು. ಒಬ್ಬರು ನಾಟಕಕಾರ್ತಿ, ರಿಪಬ್ಲಿಕನ್ ಸದಸ್ಯೆ ಕ್ಲೇರ್ ಬೂತ್ ಲೂಸ್. ಇನ್ನೊಬ್ಬರು ಡೆಮಾಕ್ರಾಟ್ ಸೆಲ್ಲರ್. ಪಕ್ಷ ಬೇರೆ, ಮನೆತನ ಬೇರೆ, ಸ್ವಭಾವ ಬೇರೆ. ಎರಡು ವರ್ಷದ ಓಡಾಟದ ಮೇಲೆ 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಲೂಸ್–ಸೆಲ್ಲರ್ ಕಾಯ್ದೆಗೆ ಸಹಿ ಹಾಕಿದರು.

ನೂರು ಎಂಬ ಅಂಕಿ ನೋಡಿದರೆ ಕೊಟ್ಟದ್ದು ಒಂದು ಚಿಟಿಕೆ ಎನ್ನಿಸುತ್ತದೆ. ಆದರೆ ಕಾಯ್ದೆಯ ಜೀವ ಅದರ ಇನ್ನೊಂದು ಭಾಗದಲ್ಲಿತ್ತು: ಭಾರತೀಯರು ಇನ್ನು ಅಮೆರಿಕದ ಪೌರರಾಗಬಹುದು. ಥಿಂಡ್ ತೀರ್ಪು ಕಿತ್ತುಕೊಂಡಿದ್ದನ್ನು ಸಂಸತ್ತು ಇಪ್ಪತ್ತಮೂರು ವರ್ಷದ ಮೇಲೆ ಹಿಂದಿರುಗಿಸಿತು. ಅದರ ಫಲ ಸೆಲ್ಲರ್ ಕಣ್ಣೆದುರೇ ಬಂತು. ಪಂಜಾಬಿನ ದಲೀಪ್ ಸಿಂಗ್ ಸೌಂದ್ 1920ರಲ್ಲೇ ಅಮೆರಿಕಕ್ಕೆ ಬಂದು, ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಬೇರೆ ಕೆಲಸ ಸಿಗದೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕೆ ನಿಂತಿದ್ದರು. ಪೌರರಲ್ಲದ ಏಷ್ಯಾದವರು ಅಲ್ಲಿ ತಮ್ಮ ಹೆಸರಿನಲ್ಲಿ ಹೊಲ ಕೊಳ್ಳುವಂತಿರಲಿಲ್ಲ. 1949ರಲ್ಲಿ ಪೌರತ್ವ, 1952ರಲ್ಲಿ ಸಣ್ಣ ಊರಿನ ನ್ಯಾಯಾಧೀಶ ಹುದ್ದೆ, 1956ರಲ್ಲಿ ಪ್ರತಿನಿಧಿ ಸಭೆಗೆ ಆಯ್ಕೆ. ಮತದ ಹಕ್ಕುಳ್ಳ ಸದಸ್ಯರಾಗಿ ಆ ಸಭೆ ಸೇರಿದ ಮೊದಲ ಏಷ್ಯಾ ಮೂಲದವರು ಅವರೇ. 1957ರಿಂದ ಆರು ವರ್ಷ ಕಾಯ್ದೆ ಬರೆದವರೂ ಅದರಿಂದ ಪೌರರಾದವರೂ ಒಂದೇ ಸಭೆಯಲ್ಲಿ ಕೂತಿದ್ದರು. ಸೆಲ್ಲರ್ ಅವರ ಐವತ್ತು ವರ್ಷಗಳಲ್ಲಿ ಇದಕ್ಕಿಂತ ಸುಂದರವಾದ ಗಳಿಗೆ ಇನ್ನೊಂದಿರಲಾರದು.

1949ರಲ್ಲಿ ಸೆಲ್ಲರ್ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾದರು. ಆಗಿನ ಪದ್ಧತಿ ಹಿರಿತನದ್ದು. ಬಹುಮತದ ಪಕ್ಷದಲ್ಲಿ ಯಾರು ಸಮಿತಿಯಲ್ಲಿ ಹೆಚ್ಚು ವರ್ಷ ಕೂತಿದ್ದಾರೋ ಅವರೇ ಯಜಮಾನರು. ಯಾವ ಮಸೂದೆ ವಿಚಾರಣೆಗೆ ಬರಬೇಕು, ಯಾವುದು ಕಪಾಟಿನಲ್ಲೇ ಧೂಳು ಹಿಡಿಯಬೇಕು ಎಂಬುದು ಅವರ ಕೈಯಲ್ಲಿ. ರಿಪಬ್ಲಿಕನ್ನರ ಬಹುಮತವಿದ್ದ ಎರಡು ವರ್ಷ ಬಿಟ್ಟರೆ 1973ರವರೆಗೂ ಆ ಕುರ್ಚಿ ಸೆಲ್ಲರ್ ಅವರದೇ. ಕಂಪನಿಗಳು ಒಂದನ್ನೊಂದು ನುಂಗಿ ಏಕಸ್ವಾಮ್ಯ ಬೆಳೆಸುವುದನ್ನು ತಡೆಯುವ 1950ರ ಸೆಲ್ಲರ್–ಕೀಫಾವರ್ ಕಾಯ್ದೆ ಅಲ್ಲಿಂದ ಹೊರಟಿತು. ವಾಷಿಂಗ್ಟನ್ ನಗರದವರಿಗೆ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಕೊಟ್ಟ, ಮತದಾನಕ್ಕೆ ತೆರಿಗೆ ವಿಧಿಸುವುದನ್ನು ನಿಷೇಧಿಸಿದ, ಅಧ್ಯಕ್ಷರು ಅಶಕ್ತರಾದರೆ ಏನು ಮಾಡಬೇಕೆಂದು ಗೊತ್ತುಮಾಡಿದ, ಮತದ ವಯಸ್ಸನ್ನು ಹದಿನೆಂಟಕ್ಕೆ ಇಳಿಸಿದ ನಾಲ್ಕು ಸಂವಿಧಾನ ತಿದ್ದುಪಡಿಗಳೂ ಅವರ ಸಮಿತಿಯ ಕೈ ದಾಟಿ ಹೋದವು.

ಆದರೆ ತಮ್ಮ ಜೀವದ ವಿಷಯವಾದ ವಲಸೆಯಲ್ಲಿ ಅಧ್ಯಕ್ಷರ ಕೈಯೇ ಕಟ್ಟಿತ್ತು. ವಲಸೆಗೆ ಮೀಸಲಾಗಿದ್ದ ಹಳೆಯ ಸಮಿತಿಯನ್ನು ರದ್ದು ಮಾಡಿ ಅದರ ಕೆಲಸವನ್ನು ನ್ಯಾಯಾಂಗ ಸಮಿತಿಗೆ ವಹಿಸಿದ್ದರು ನಿಜ. ಆದರೆ ಅದರೊಳಗಿನ ವಲಸೆ ಉಪಸಮಿತಿಯ ಮುಖ್ಯಸ್ಥರು ಪೆನ್ಸಿಲ್ವೇನಿಯಾದ ಫ್ರಾನ್ಸಿಸ್ ವಾಲ್ಟರ್. ಸೆಲ್ಲರ್ ಅವರದೇ ಪಕ್ಷದವರು, ಕೋಟಾ ಪದ್ಧತಿಯ ಕಟ್ಟಾ ಸಮರ್ಥಕರು. 1952ರಲ್ಲಿ ವಾಲ್ಟರ್ ಮತ್ತು ಸೆನೆಟರ್ ಪ್ಯಾಟ್ ಮೆಕ್ಯಾರನ್ ಸೇರಿ ತಂದ ಕಾಯ್ದೆ ಹಳೆಯ ಅಂಕಿಗಳನ್ನೇ ಮತ್ತೆ ಗಟ್ಟಿಮಾಡಿತು. ಟ್ರೂಮನ್ ಅದನ್ನು ತಿರಸ್ಕರಿಸಿದರು. ಉಭಯ ಸದನಗಳು ಮೂರನೇ ಎರಡರಷ್ಟು ಮತ ಹಾಕಿ ತಿರಸ್ಕಾರವನ್ನು ಮೀರಿದವು.

ಆ ಕಾಯ್ದೆಯಲ್ಲಿ ಏಷ್ಯಾದವರಿಗೆಂದೇ ಇಟ್ಟಿದ್ದ ಒಂದು ನಿಯಮವಿತ್ತು. ಉಳಿದವರನ್ನು ಹುಟ್ಟಿದ ದೇಶದ ಪಾಲಿಗೆ ಸೇರಿಸುತ್ತಿದ್ದರು. ಏಷ್ಯಾದ ರಕ್ತ ಅರ್ಧದಷ್ಟಿದ್ದರೂ ಸಾಕು, ಆ ಮನುಷ್ಯ ಭೂಮಿಯ ಮೇಲೆ ಎಲ್ಲೇ ಹುಟ್ಟಿರಲಿ, ಅವನ ಲೆಕ್ಕ ಏಷ್ಯಾದ ಆ ಸಣ್ಣ ಪಾಲಿಗೇ. ನಮಗೆ ಗೊತ್ತಿರುವ ಒಬ್ಬರನ್ನು ಇಟ್ಟು ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರ ತಂದೆತಾಯಿ ಕರ್ನಾಟಕದವರು, ಮನೆತನ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಅವರು ಹುಟ್ಟಿದ್ದು 1977ರಲ್ಲಿ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ. ಹಳೆಯ ನಿಯಮ ಉಳಿದಿದ್ದರೆ ಆ ಕೂಸಿಗೆ ಬ್ರಿಟನ್ನಿನ 65 ಸಾವಿರದಲ್ಲಿ ಜಾಗವಿರುತ್ತಿರಲಿಲ್ಲ. ಭಾರತದ ನೂರರ ಸಾಲಿನಲ್ಲೇ ನಿಲ್ಲಬೇಕಿತ್ತು.

ಅರವತ್ತರ ದಶಕದಲ್ಲಿ ಗಾಳಿ ತಿರುಗಿತು, ಅದಕ್ಕೆ ಕಾರಣ ಕಪ್ಪು ಜನರ ಹೋರಾಟ. 1963ರ ಜೂನ್ 20ರಂದು ಕೆನಡಿ ಸರ್ಕಾರದ ನಾಗರಿಕ ಹಕ್ಕುಗಳ ಮಸೂದೆಯನ್ನು ಸೆಲ್ಲರ್ ಮಂಡಿಸಿದರು. ಹೋಟೆಲು, ಸಿನಿಮಾ ಮಂದಿರ, ಉದ್ಯೋಗಗಳಲ್ಲಿ ವರ್ಣಭೇದವನ್ನು ಕಾನೂನುಬಾಹಿರ ಮಾಡುವ ಮಸೂದೆ ಅದು. ತಮ್ಮ ಪಕ್ಷದ ದಕ್ಷಿಣ ರಾಜ್ಯಗಳ ಸದಸ್ಯರು ಅಡ್ಡ ನಿಲ್ಲುತ್ತಾರೆಂದು ಗೊತ್ತಿದ್ದರಿಂದ ಎದುರು ಪಕ್ಷದ ಬೆಂಬಲ ಬೇಕಿತ್ತು. ಓಹಾಯೊದ ರಿಪಬ್ಲಿಕನ್ ವಿಲಿಯಂ ಮೆಕಲಾಕ್ ಕೈಜೋಡಿಸಿದರು. ಸಣ್ಣ ಊರಿನ ಈ ವಕೀಲರ ಕ್ಷೇತ್ರದಲ್ಲಿ ಕಪ್ಪು ಮತದಾರರು ಬೆರಳೆಣಿಕೆಯಷ್ಟು. ಅದರಿಂದ ಅವರಿಗೆ ಒಂದು ಮತವೂ ಲಾಭವಿರಲಿಲ್ಲ. ಇಂಥವರನ್ನು ನೆನೆಯುವುದು ಒಳ್ಳೆಯದು. ನಿಯಮ ಸಮಿತಿಯ ಅಧ್ಯಕ್ಷ, ವರ್ಜೀನಿಯಾದ ಹೋವರ್ಡ್ ಸ್ಮಿತ್ ಮಸೂದೆಯನ್ನು ಸಾಧ್ಯವಾದಷ್ಟು ದಿನ ಹಿಡಿದಿಟ್ಟರು. ನಡುವೆ ಕೆನಡಿಯವರ ಹತ್ಯೆಯಾಯಿತು. 1964ರ ಫೆಬ್ರುವರಿ 10ರಂದು ಸಭೆ 290–130 ಮತಗಳಿಂದ ಮಸೂದೆ ಒಪ್ಪಿತು. ಜುಲೈ 2ರಂದು ಅದು ಕಾಯ್ದೆಯಾಯಿತು. ಭಾರತೀಯರಿಗೆ ಪೌರತ್ವ ಕೊಟ್ಟ ಕಾಯ್ದೆಗೆ ಸಹಿ ಬಿದ್ದದ್ದೂ ಹದಿನೆಂಟು ವರ್ಷ ಹಿಂದೆ ಅದೇ ತಾರೀಕಿಗೆ.

ಹುಟ್ಟಿನ ಕಾರಣಕ್ಕೆ ದೇಶದೊಳಗಿನವರಿಗೆ ಭೇದ ಮಾಡುವುದು ತಪ್ಪು ಎಂದಾದ ಮೇಲೆ ಹೊರಗಿನಿಂದ ಬರುವವರಿಗೆ ಅದನ್ನೇ ಮಾಡುವುದು ಹೇಗೆ ಸರಿ? ಈ ಪ್ರಶ್ನೆಗೆ ಕೋಟಾದ ಸಮರ್ಥಕರ ಬಳಿ ಉತ್ತರವಿರಲಿಲ್ಲ. ವಾಲ್ಟರ್ 1963ರಲ್ಲಿ ತೀರಿಕೊಂಡಿದ್ದರು. ಸೆನೆಟ್‌ನಲ್ಲಿ ಮಿಶಿಗನ್‌ನ ಫಿಲಿಪ್ ಹಾರ್ಟ್, ಪ್ರತಿನಿಧಿ ಸಭೆಯಲ್ಲಿ ಸೆಲ್ಲರ್ ಮಂಡಿಸಿದ ಮಸೂದೆಯನ್ನು 1965ರ ಆಗಸ್ಟ್‌ನಲ್ಲಿ ಪ್ರತಿನಿಧಿ ಸಭೆ 318–95ರಿಂದ, ಮುಂದಿನ ತಿಂಗಳು ಸೆನೆಟ್ 76–18ರಿಂದ ಒಪ್ಪಿದವು. ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಮೇಜು ಹಾಕಿಸಿ ಸಹಿ ಮಾಡಿದರು. 1924ರಲ್ಲಿ ಮೂವತ್ತಾರರ ಹರೆಯದಲ್ಲಿ ಸೋತ ಸೆಲ್ಲರ್‌ಗೆ ಆಗ ಎಪ್ಪತ್ತೇಳು. ನಡುವೆ ನಲವತ್ತೊಂದು ವರ್ಷ.

ಹೊಸ ಕಾಯ್ದೆ ದೇಶವಾರು ಹಳೆಯ ಪಾಲುಗಳನ್ನು ರದ್ದು ಮಾಡಿತು. ಪೂರ್ವ ಗೋಳಾರ್ಧಕ್ಕೆಲ್ಲ ಸೇರಿ ವರ್ಷಕ್ಕೆ 1,70,000 ವೀಸಾ, ಯಾವ ದೇಶಕ್ಕೂ 20,000ಕ್ಕಿಂತ ಹೆಚ್ಚಿಲ್ಲ. ಅಂದರೆ ಮಿತಿ ಎಲ್ಲರಿಗೂ ಒಂದೇ. ಬಹುಪಾಲು ವೀಸಾ ಅಲ್ಲಿರುವವರ ರಕ್ತಸಂಬಂಧಿಗಳಿಗೆ. ನೂರಕ್ಕೆ ಹತ್ತು ವೈದ್ಯರು, ವಿಜ್ಞಾನಿಗಳು, ಎಂಜಿನಿಯರುಗಳಂಥ ವೃತ್ತಿಪರರಿಗೆ. ಇನ್ನು ಹತ್ತು ಅಲ್ಲಿ ಕೊರತೆಯಿದ್ದ ಕೆಲಸಗಾರರಿಗೆ, ಆರು ನಿರಾಶ್ರಿತರಿಗೆ.

ಇದರಿಂದ ಏನಾಗುತ್ತದೆಂದು ತಂದವರಿಗೇ ಅಂದಾಜಿರಲಿಲ್ಲ. ಏಷ್ಯಾ ಆಫ್ರಿಕಾದವರಿಗೆ ಅಮೆರಿಕದಲ್ಲಿ ನೆಂಟರೇ ಕಡಿಮೆ, ಹಾಗಾಗಿ ಅಲ್ಲಿಂದ ಬರುವವರೂ ಕಡಿಮೆಯೇ ಎಂದು ಸೆಲ್ಲರ್ ಸಭೆಗೆ ಹೇಳಿದ್ದರು. ಏಷ್ಯಾದಿಂದ ಮೊದಲ ವರ್ಷ ಐದು ಸಾವಿರ ಬಂದಾರು, ಆಮೇಲೆ ನಿಂತೇಹೋಗುತ್ತದೆ ಎಂದು ಹಿಂದಿನ ವರ್ಷ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಸಮಿತಿಗೆ ತಿಳಿಸಿದ್ದರು. ಆ ನೂರಕ್ಕೆ ಹತ್ತರ ಸಣ್ಣ ಕಂಡಿಯ ಬಲವನ್ನು ಯಾರೂ ಊಹಿಸಲಿಲ್ಲ. ಅದೇ 1965ರಲ್ಲಿ ವೃದ್ಧರ ಚಿಕಿತ್ಸೆಯ ಖರ್ಚು ಹೊರುವ ಮೆಡಿಕೇರ್ ಯೋಜನೆ ಬಂದಿತ್ತು, ಆಸ್ಪತ್ರೆಗಳಿಗೆ ವೈದ್ಯರು ಬೇಕಾಗಿದ್ದರು. ಭಾರತದಲ್ಲಿ ಸ್ವಾತಂತ್ರ್ಯಾನಂತರ ತೆರೆದ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಂದ ಇಂಗ್ಲಿಷ್ ಬಲ್ಲ ಯುವಕ ಯುವತಿಯರು ಹೊರಬರುತ್ತಿದ್ದರು. ಅವರು ವೃತ್ತಿಪರರ ಕಂಡಿಯಿಂದ ಹೋದರು, ಪೌರರಾದರು, ನೆಂಟರ ಬಾಗಿಲಿನಿಂದ ಒಡಹುಟ್ಟಿದವರನ್ನು, ಹೆತ್ತವರನ್ನು ಕರೆಸಿಕೊಂಡರು. 1960ರಲ್ಲಿ ಅಮೆರಿಕದಲ್ಲಿ ಭಾರತದಲ್ಲಿ ಹುಟ್ಟಿದವರು ಸುಮಾರು 12 ಸಾವಿರ. 1980ರ ಹೊತ್ತಿಗೆ ಎರಡು ಲಕ್ಷ ದಾಟಿದರು. ಈಗ 27 ಲಕ್ಷಕ್ಕೂ ಹೆಚ್ಚು.

ಕನ್ನಡ ಬಲ್ಲವರು ಅದಕ್ಕೂ ಮುಂಚೆ ಹೋಗಿರಲಿಲ್ಲವೆಂದಲ್ಲ. ಎ. ಕೆ. ರಾಮಾನುಜನ್ 1959ರಲ್ಲಿ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನಾಕ್ಕೆ ಹೋಗಿ ಆಮೇಲೆ ಶಿಕಾಗೊದಲ್ಲಿ ನೆಲೆ ನಿಂತರು. ಆದರೆ ಊರೂರಿಗೆ ಕನ್ನಡ ಕೂಟ, ಯುಗಾದಿಗೆ ಬೇವುಬೆಲ್ಲ, ರಾಜ್ಯೋತ್ಸವಕ್ಕೆ ನಾಟಕ, ಇವೆಲ್ಲ ಬೇರೂರಬೇಕಾದರೆ ಸಂಸಾರಗಳು ಬೇಕು. ಸಂಸಾರಗಳು ಹೋದದ್ದು 1965ರ ಈಚೆಗೆ. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಸಿತಲ್ಲ, ಅದರ ಬುನಾದಿ ಇಲ್ಲಿದೆ.

ಕಾಯ್ದೆಗೆ ಕುಂದುಗಳೂ ಇದ್ದವು. ಅಲ್ಲಿಯವರೆಗೆ ಸಂಖ್ಯೆಯ ಮಿತಿಯಿಲ್ಲದಿದ್ದ ಪಶ್ಚಿಮ ಗೋಳಾರ್ಧಕ್ಕೆ 1,20,000ದ ಮಿತಿ ಬಿತ್ತು. ತಲೆಮಾರುಗಳಿಂದ ಗಡಿಯಾಚೆ ಈಚೆ ದುಡಿಯುತ್ತಿದ್ದ ಮೆಕ್ಸಿಕೊದ ಕೂಲಿಗಳು ಕಾನೂನಿನ ಹೊರಗೆ ಬೀಳತೊಡಗಿದರು. ದೇಶಕ್ಕೆ ಇಷ್ಟೇ ಎಂಬ ಸಮಾನ ಮಿತಿ 1965ರಲ್ಲಿ ನ್ಯಾಯವಾಗಿ ಕಂಡಿತ್ತು. ಅದೇ ವಿಚಾರ ಈಗ ನೂರಕ್ಕೆ ಏಳರ ಮಿತಿಯಾಗಿ ಉಳಿದಿದೆ. ಗ್ರೀನ್ ಕಾರ್ಡಿಗಾಗಿ ದಶಕಗಟ್ಟಲೆ ಕಾಯುತ್ತಿರುವ ಬೆಂಗಳೂರಿನ ಎಂಜಿನಿಯರುಗಳಿಗೆ ಅದರ ಭಾರ ಚೆನ್ನಾಗಿ ಗೊತ್ತು.

ಸೆಲ್ಲರ್ ಅವರ ಬದುಕಿನ ದೊಡ್ಡ ತಪ್ಪು ಬೇರೆ ಕಡೆ ಇತ್ತು. ಗಂಡಿಗೂ ಹೆಣ್ಣಿಗೂ ಸಮಾನ ಹಕ್ಕು ಎಂಬ ಸಂವಿಧಾನ ತಿದ್ದುಪಡಿಯನ್ನು ಅಮೆರಿಕದ ಸಂಸತ್ತಿನಲ್ಲಿ ಮೊದಲು ಮಂಡಿಸಿದ್ದು 1923ರಲ್ಲಿ, ಅವರು ಸಭೆಗೆ ಬಂದ ವರ್ಷವೇ. ಅವರು ಸಮಿತಿಯ ಅಧ್ಯಕ್ಷರಾದ ಮೇಲೆ ಎರಡು ದಶಕ ಅದಕ್ಕೆ ವಿಚಾರಣೆಯ ಭಾಗ್ಯವೂ ಸಿಗಲಿಲ್ಲ. ದುಡಿಯುವ ಹೆಂಗಸರಿಗೆ ಇರುವ ವಿಶೇಷ ರಕ್ಷಣೆಯ ಕಾನೂನುಗಳು ಇದರಿಂದ ಹೋಗುತ್ತವೆ ಎಂಬುದು ಅವರ ವಾದ. ಆಗಿನ ಕಾರ್ಮಿಕ ಸಂಘಗಳೂ ಹಾಗೆಯೇ ಹೇಳುತ್ತಿದ್ದವು, ಆದ್ದರಿಂದ ಅದನ್ನು ಬರಿಯ ನೆಪವೆಂದು ತಳ್ಳಲಾಗದು. ಆದರೆ 1964ರ ಮಸೂದೆಗೆ ‘ಲಿಂಗ’ ಎಂಬ ಪದ ಸೇರಿಸುವ ಪ್ರಸ್ತಾಪ ಬಂದಾಗ ಅವರು ವಿರೋಧಿಸಿದ ರೀತಿ ಕಹಿಯಾಗಿತ್ತು. ತಮ್ಮ ಮನೆಯಲ್ಲಿ ಕೊನೆಯ ಮಾತು ತಮ್ಮದೇ, ಹೆಂಡತಿಗೆ ‘ಆಗಲಿ’ ಎನ್ನುವುದು ಎಂದು ಸಭೆಯನ್ನು ನಗಿಸಿದರು. ಮಿಶಿಗನ್‌ನ ಸದಸ್ಯೆ ಮಾರ್ಥಾ ಗ್ರಿಫಿತ್ಸ್ ಎದ್ದುನಿಂತು, ಹೆಂಗಸರು ಎರಡನೇ ದರ್ಜೆಯವರು ಎಂಬುದಕ್ಕೆ ಪುರಾವೆ ಬೇಕಿದ್ದರೆ ಈ ನಗುವೇ ಸಾಕು ಎಂಬರ್ಥದಲ್ಲಿ ಉತ್ತರ ಕೊಟ್ಟರು. ಪದ ಉಳಿಯಿತು.

ಅದೇ ಗ್ರಿಫಿತ್ಸ್ 1970ರಲ್ಲಿ 218 ಸದಸ್ಯರ ಸಹಿ ಕೂಡಿಸಿ ಸಮಾನ ಹಕ್ಕಿನ ತಿದ್ದುಪಡಿಯನ್ನು ಸೆಲ್ಲರ್ ಅವರ ಕಪಾಟಿನಿಂದ ಹೊರಗೆಳೆದರು. ಸಭೆಯಲ್ಲಿ ಪರವಾಗಿ ಸುಮಾರು 350 ಮತ, ವಿರುದ್ಧ 15. ವಾಲ್ಟರ್ ಮತ್ತು ಸ್ಮಿತ್ ತಮಗೆ ಏನು ಮಾಡಿದ್ದರೋ ಅದನ್ನೇ ಸೆಲ್ಲರ್ ಹೆಂಗಸರಿಗೆ ಮಾಡಿದ್ದರು. ಕಪಾಟಿನ ಕೀಲಿಯಿಂದ ಎಷ್ಟು ನೋವಾಗುತ್ತದೆಂದು ಅನುಭವಿಸಿ ಬಲ್ಲವರೇ ಅದನ್ನು ತಿರುಗಿಸಿದರಲ್ಲ ಎಂಬುದು ಅವರನ್ನು ಮೆಚ್ಚುವವರಿಗೂ ನೋವಿನ ಸಂಗತಿ.

1972ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಮತ್ತೆ ನಿಂತರು. ಪಕ್ಷದೊಳಗಿನ ಆಯ್ಕೆಯ ಚುನಾವಣೆಯಲ್ಲಿ ಎದುರಾಳಿ ಮೂವತ್ತು ವರ್ಷದ ವಕೀಲೆ ಎಲಿಜಬೆತ್ ಹೋಲ್ಟ್ಸ್‌ಮನ್. ಆಕೆಯ ಬಳಿ ಹಣವಿರಲಿಲ್ಲ, ದೊಡ್ಡವರ ಬೆಂಬಲವಿರಲಿಲ್ಲ. ಸುರಂಗ ರೈಲು ನಿಲ್ದಾಣಗಳಲ್ಲಿ, ಸಿನಿಮಾ ಟಿಕೆಟ್ಟಿನ ಸಾಲುಗಳಲ್ಲಿ ನಿಂತವರ ಕೈ ಕುಲುಕಿ ಮಾತಾಡಿಸಿದರು. ಸೆಲ್ಲರ್ ಕ್ಷೇತ್ರದಲ್ಲಿ ಕಾಣುವುದೇ ಅಪರೂಪ, ಸದಸ್ಯರಾಗಿದ್ದುಕೊಂಡೇ ವಕೀಲಿ ಸಂಸ್ಥೆಯ ನಂಟು ಬಿಟ್ಟಿಲ್ಲ, ವಿಯಟ್ನಾಂ ಯುದ್ಧವನ್ನು ಬೆಂಬಲಿಸಿದರು, ಹೆಂಗಸರ ಹಕ್ಕಿಗೆ ಅಡ್ಡ ನಿಂತರು ಎಂದು ಹೇಳಿದರು. ಸೆಲ್ಲರ್ ಆಕೆಯನ್ನು ವಾಷಿಂಗ್ಟನ್ ಸ್ಮಾರಕವನ್ನು ಉರುಳಿಸಲು ಹೊರಟ ಹಲ್ಲುಕಡ್ಡಿಗೆ ಹೋಲಿಸಿದರು. ಜೂನ್ 20ರಂದು ಮತ ಎಣಿಸಿದಾಗ ಸುಮಾರು ಆರುನೂರು ಮತಗಳಿಂದ ಸೋತಿದ್ದರು.

ಅದಕ್ಕೆ ಮೂರು ದಿನ ಮುಂಚೆ, ಜೂನ್ 17ರ ನಸುಕಿನಲ್ಲಿ, ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ಐವರು ಕನ್ನಗಳ್ಳರು ಸಿಕ್ಕಿಬಿದ್ದಿದ್ದರು. ಎರಡು ವರ್ಷದ ನಂತರ ಅಧ್ಯಕ್ಷ ನಿಕ್ಸನ್ ಮೇಲಿನ ದೋಷಾರೋಪವನ್ನು ಜಗತ್ತೆಲ್ಲ ನೋಡುತ್ತಿರುವಾಗ ವಿಚಾರಿಸಿದ್ದು ಇದೇ ನ್ಯಾಯಾಂಗ ಸಮಿತಿ. ಅಧ್ಯಕ್ಷ ಪೀಠದಲ್ಲಿ ಇದ್ದವರು ನ್ಯೂಜೆರ್ಸಿಯ ಪೀಟರ್ ರೊಡಿನೊ. ಸದಸ್ಯರ ಸಾಲಿನಲ್ಲಿ ಹೋಲ್ಟ್ಸ್‌ಮನ್ ಇದ್ದರು. ಆರುನೂರು ಮತ ಈಚೆ ವಾಲಿದ್ದರೆ ಅಧ್ಯಕ್ಷ ಪೀಠದ ಸುತ್ತಿಗೆ ಸೆಲ್ಲರ್ ಕೈಯಲ್ಲಿರುತ್ತಿತ್ತು. ಅವರನ್ನು ಸೋಲಿಸಿದ ಹೆಣ್ಣುಮಗಳು ಮುಂದೆ ವಲಸೆ ಉಪಸಮಿತಿಯ ಮುಖ್ಯಸ್ಥೆಯಾದರು, 1980ರ ನಿರಾಶ್ರಿತರ ಕಾಯ್ದೆಯನ್ನು ಸಭೆಯಲ್ಲಿ ಗೆಲ್ಲಿಸಿದರು. ಸೆಲ್ಲರ್ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಂದುವರಿಸಿದವರು ಅವರೇ.

1981ರ ಜನವರಿ 15ರಂದು ಇಮ್ಯಾನ್ಯುಯೆಲ್ ಸೆಲ್ಲರ್ ಬ್ರೂಕ್ಲಿನ್‌ನಲ್ಲಿ ತೀರಿಕೊಂಡರು. ತೊಂಬತ್ತೆರಡು ವರ್ಷ ತುಂಬಿತ್ತು. 2023ರ ಜನವರಿಯಲ್ಲಿ, ಅವರು ಕೂತಿದ್ದ ಸಭೆಯಲ್ಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಸದಸ್ಯರಾಗಿ ಪ್ರಮಾಣವಚನ ತೆಗೆದುಕೊಂಡರು. ಅವರನ್ನು ಆರಿಸಿ ಕಳಿಸಿದ್ದು ಫಿಲಿಪ್ ಹಾರ್ಟ್ ಅವರ ಮಿಶಿಗನ್.

1965ರ ಕಾಯ್ದೆಯ ಕಂಡಿಯಿಂದ ಮೊದಲು ಹೋದ ನಮ್ಮವರಿಗೆ ಈಗ ಎಂಬತ್ತರ ಆಸುಪಾಸು. ಎಷ್ಟು ಡಾಲರ್ ಕೈಯಲ್ಲಿತ್ತು, ಯಾವ ಹಡಗು ಅಥವಾ ವಿಮಾನ, ವೀಸಾ ಅಧಿಕಾರಿ ಏನು ಕೇಳಿದ, ಮೊದಲ ಚಳಿಗಾಲ ಹೇಗೆ ಕಳೆಯಿತು ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ. ನಿಮ್ಮ ಮನೆಯಲ್ಲಿ ಅಂಥ ದೊಡ್ಡಪ್ಪನೋ ಸೋದರತ್ತೆಯೋ ಇದ್ದರೆ ಈ ವರ್ಷವೇ ಕೂರಿಸಿಕೊಂಡು ಕೇಳಿ, ಬರೆದಿಡಿ. ಅವರ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ.